ಕನ್ನಡ ಸಾಹಿತ್ಯದಲ್ಲಿ ದಡ್ಡರ ದರ್ಬಾರು

ಶಕ್ತಿಗೆ ಮೀರಿದ ಮಾತಾಡುವವರನ್ನು ಕಂಡರೆ ಕನ್ನಡಿಗರ ಬಾಯಲ್ಲಿ ತಟ್ಟನೆ ಬರುವ ಗಾದೆ ‘ಉತ್ತರನ ಪೌರುಷ ಒಲೆಯ ಮುಂದೆ’. ಈ ಗಾದೆಯ ಉತ್ತರಕುಮಾರನನ್ನು ಕನ್ನಡದಲ್ಲಿ ಅಜರಾಮರನನ್ನಾಗಿ ಮಾಡಿದ ಕುಮಾರವ್ಯಾಸ, ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಭಾರತವನ್ನು ಬರೆದ ಎಂಬುದು ಪ್ರತೀತಿ. ಮೂರ್ಖ ರಾಜಕುಮಾರರನ್ನು ತಿದ್ದುವುದಕ್ಕೆಂದೇ ಹುಟ್ಟಿದ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಕಿಸುಕಾಡು ನಾಡಿನ ಸಯ್ಯಡಿಯವನು. ಇಂದಿನ ರೋಣ ತಾಲ್ಲೂಕಿನ ಸವಡಿಯೇ ಆ ಸಯ್ಯಡಿ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಶಾಸನಗಳು ‘ನರೆಯಂಗಲ್’ ಎಂದು ಕರೆಯುವ ನರೇಗಲ್ ಇವೆರಡರ ಆಸುಪಾಸಿನಲ್ಲೇ ಇದೆ. ಕಿಸುಕಾಡು ಎಪ್ಪತ್ತು, ನರೆಯಂಗಲ್ ಹನ್ನೆರಡು ಎಂಬ ಆಡಳಿತ ವಿಭಾಗಗಳೆರಡೂ ಮುಂದೆ ಎಲಬುರ್ಗೆಯ ಸಿಂದರ ಕೈಯಲ್ಲಿದ್ದವು. ಹೀಗೆ ಕನ್ನಡ ಸಾಹಿತ್ಯದ ಇಬ್ಬರು ಹೆಸರಾಂತ ‘ಮೂರ್ಖ ಚಿತ್ರಕಾರರು’ ಒಂದೇ ಸೀಮೆಯ ಎರೆಮಣ್ಣಿಗೆ ಸೇರಿದವರು. ದಡ್ಡನನ್ನು ಕಂಡು ನಗುವುದು ಸುಲಭ. ಆದರೆ ಹಳೆಯ ಕವಿಗಳು ದಡ್ಡನನ್ನು ಕರೆತಂದದ್ದು ಬರಿಯ ನಗೆಗಾಗಿ ಅಲ್ಲ. ಯಾರು ದಡ್ಡ, ಹಾಗೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯೂ ಅವರ ಕಥೆಗಳ ಒಳಗೇ ಇದೆ.

ಮಂತ್ರಿ ಹೇಳಿದ ಕಥೆ

ದುರ್ಗಸಿಂಹ ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು. ಅಂದರೆ ಯುದ್ಧ ಮತ್ತು ಸಂಧಾನದ ವ್ಯವಹಾರ ನೋಡಿಕೊಳ್ಳುವ ಮಂತ್ರಿ. ಅವನ ‘ಕರ್ಣಾಟಕ ಪಂಚತಂತ್ರ’ ರಚನೆಯಾದದ್ದು ಕ್ರಿ.ಶ. 1031ರ ಸುಮಾರಿಗೆ. ಎಲ್ಲರಿಗೂ ಪರಿಚಿತನಾದ ವಿಷ್ಣುಶರ್ಮನ ಪಾಠವನ್ನು ಬಿಟ್ಟು, ವಸುಭಾಗ ಎಂಬುವನ ಪಾಠವನ್ನು ಅವನು ಅನುಸರಿಸಿದ. ವಸುಭಾಗನ ಸಂಸ್ಕೃತ ಮೂಲ ಇಂದು ದೊರೆಯುವುದಿಲ್ಲ. ಆ ಶಾಖೆಯ ಕಥೆಗಳು ಉಳಿದಿರುವುದು ದೂರದ ಜಾವಾ ದ್ವೀಪದ ‘ತಂತ್ರಿ’ ಕಥೆಗಳಲ್ಲಿ ಮತ್ತು ಕನ್ನಡದಲ್ಲಿ. ರೋಣ ಸೀಮೆಯ ಮಂತ್ರಿಯೊಬ್ಬನ ಗ್ರಂಥಕ್ಕೆ ವಿಶ್ವದ ಕಥಾ ಸಾಹಿತ್ಯದಲ್ಲಿ ವಿಶೇಷ ಸ್ಥಾನವಿರುವುದು ಈ ಕಾರಣದಿಂದ.

ರಾಜಕಾರಣಿಯೊಬ್ಬ ಮೂರ್ಖರ ಕಥೆಗಳಿಗೆ ಏಕೆ ಮನಸ್ಸು ಕೊಟ್ಟ? ಉತ್ತರ ಮೊದಲ ಪ್ರಕರಣವಾದ ‘ಭೇದ’ದಲ್ಲೇ ಇದೆ. ಪಿಂಗಳಕನೆಂಬ ಸಿಂಹಕ್ಕೂ ಸಂಜೀವಕನೆಂಬ ಎತ್ತಿಗೂ ಗಾಢ ಸ್ನೇಹ. ದಮನಕನೆಂಬ ನರಿ ಇಬ್ಬರ ಕಿವಿಯಲ್ಲೂ ಚಾಡಿ ಊದುತ್ತದೆ. ಸಿಂಹ ವಿಚಾರಿಸದೆ ನಂಬಿ ತನ್ನ ಗೆಳೆಯನನ್ನೇ ಕೊಲ್ಲುತ್ತದೆ. ಇಲ್ಲಿ ಮೂರ್ಖ ಯಾರು? ಬಲವಿಲ್ಲದವನಲ್ಲ, ಸಿಂಹಾಸನದ ಮೇಲೆ ಕುಳಿತವನು. ಸಾಮಾನ್ಯನ ದಡ್ಡತನ ಅವನ ಮನೆಯನ್ನಷ್ಟೇ ಕೆಡಿಸಬಹುದು, ಅರಸನ ದಡ್ಡತನ ನಾಡನ್ನೇ ಕೆಡಿಸುತ್ತದೆ. ಅರಮನೆಯ ಒಳಹೊರಗನ್ನು ಬಲ್ಲ ಮಂತ್ರಿಗೆ ಇದು ಕಟ್ಟುಕಥೆಯಾಗಿ ಕಂಡಿರಲಾರದು.

ಇನ್ನು ಪಂಚತಂತ್ರ ಪರಂಪರೆಯ ನಾಲ್ವರು ಬ್ರಾಹ್ಮಣರ ಕಥೆ. ಮೂವರು ಮಹಾಪಂಡಿತರು, ಒಬ್ಬ ಓದಿಲ್ಲದವನು. ಕಾಡಿನಲ್ಲಿ ಬಿದ್ದಿದ್ದ ಸಿಂಹದ ಮೂಳೆಗಳನ್ನು ಒಬ್ಬ ಜೋಡಿಸಿದ, ಇನ್ನೊಬ್ಬ ಚರ್ಮ ಮಾಂಸ ತುಂಬಿದ, ಮೂರನೆಯವನು ಪ್ರಾಣ ಕೊಡಲು ಹೊರಟ. ಬೇಡವೆಂದು ನಾಲ್ಕನೆಯವನು ಹೇಳಿದ ಮಾತು ಯಾರಿಗೂ ರುಚಿಸಲಿಲ್ಲ. ಅವನು ಮರ ಹತ್ತಿ ಬದುಕಿಕೊಂಡ. ಓದು ಬೇರೆ, ಬುದ್ಧಿ ಬೇರೆ ಎಂಬ ಈ ಎಚ್ಚರಿಕೆಗೆ ಸಾವಿರ ವರ್ಷ ಕಳೆದರೂ ಮುಪ್ಪು ಬಂದಿಲ್ಲ.

ದುರ್ಗಸಿಂಹನಿಗೆ ಈ ಕಥೆಗಳು ಪುಸ್ತಕದಿಂದ ಮಾತ್ರ ಬಂದಿರಬೇಕೆಂದೇನೂ ಇಲ್ಲ. ಅವನಿಗಿಂತ ಮೂರು ಶತಮಾನ ಮೊದಲೇ, ಅದೇ ಕಿಸುಕಾಡಿಗೆ ಹೆಸರು ತಂದ ಕಿಸುವೊಳಲಿನಲ್ಲಿ, ಅಂದರೆ ಇಂದಿನ ಪಟ್ಟದಕಲ್ಲಿನಲ್ಲಿ, ಶಿಲ್ಪಿಗಳು ಪಂಚತಂತ್ರದ ಪ್ರಸಂಗಗಳನ್ನು ಕಲ್ಲಿನಲ್ಲಿ ಕಡೆದಿದ್ದರು. ಓದು ಬಾರದವನೂ ದೇವರ ದರ್ಶನಕ್ಕೆ ಹೋಗಿ ಬರುವಾಗ ಮೂರ್ಖರ ಕಥೆ ‘ಓದಿ’ ಬರಬಹುದಿತ್ತು.

ಮೂರ್ಖರಲ್ಲಿ ಹತ್ತು ಬಗೆ

ಮೂರ್ಖರನ್ನು ವರ್ಗೀಕರಿಸಿ ನೋಡಿದವರು ಜೈನ ಕವಿಗಳು. ಕ್ರಿ.ಶ. 1014ರಲ್ಲಿ ಅಮಿತಗತಿ ಸಂಸ್ಕೃತದಲ್ಲಿ ಬರೆದ ‘ಧರ್ಮಪರೀಕ್ಷಾ’ದಲ್ಲಿ ಹತ್ತು ಬಗೆಯ ಮೂರ್ಖರು ಬರುತ್ತಾರೆ. ಮೋಹದಿಂದ ಕುರುಡಾದವನು, ದ್ವೇಷದಿಂದ ಕುರುಡಾದವನು, ಹಿಡಿದ ಹಠ ಬಿಡದವನು ಹೀಗೆ ಒಬ್ಬೊಬ್ಬನಿಗೂ ಒಂದೊಂದು ಕಥೆ. ಅದನ್ನು ಆಧರಿಸಿ 14ನೆಯ ಶತಮಾನದಲ್ಲಿ ವೃತ್ತವಿಲಾಸ ಕನ್ನಡದಲ್ಲಿ ‘ಧರ್ಮಪರೀಕ್ಷೆ’ ಬರೆದ.

ಅಮಿತಗತಿಯ ಹತ್ತು ಜನರಲ್ಲಿ ಒಬ್ಬ ನೇಗಿಲು ಹೂಡುವವನು. ಅರಸನಿಂದ ಅವನಿಗೆ ಅಗರು ಮರಗಳಿಂದ ತುಂಬಿದ ಭೂಮಿ ಇನಾಮಾಗಿ ಸಿಗುತ್ತದೆ. ಬೆಲೆಬಾಳುವ ಆ ಸುಗಂಧದ ಮರಗಳನ್ನೆಲ್ಲ ಕಡಿದು ಸುಟ್ಟು, ನೆಲ ಹಸನು ಮಾಡಿ ಧಾನ್ಯ ಬಿತ್ತುತ್ತಾನೆ. ಉಳಿದ ಒಂದು ತುಂಡನ್ನು ಮಾರಿದಾಗಲೇ ಅವನಿಗೆ ಅದರ ಬೆಲೆ ತಿಳಿಯುವುದು. ಕಥೆ ಅವನನ್ನು ಮೂರ್ಖನೆನ್ನುತ್ತದೆ. ಆದರೆ ಜೋಳ, ಕಡಲೆ ಬಿತ್ತಿ ಬದುಕುವ ಸೀಮೆಯ ಓದುಗ ಇನ್ನೊಂದು ಪ್ರಶ್ನೆ ಕೇಳಬಹುದು. ಅಗರಿನ ಬೆಲೆ ಅರಮನೆಗೆ ಗೊತ್ತು, ಪೇಟೆಗೆ ಗೊತ್ತು. ಆ ತಿಳಿವಳಿಕೆ ಅವನತ್ತ ಬಂದೇ ಇರಲಿಲ್ಲ. ಅವನಿಗೆ ಗೊತ್ತಿದ್ದುದು ಮಣ್ಣು ಮತ್ತು ಬೀಜ. ತಿಳಿಯದಿರುವುದಕ್ಕೂ ದಡ್ಡತನಕ್ಕೂ ಇರುವ ಅಂತರವನ್ನು ಪಂಡಿತರ ಸಾಹಿತ್ಯ ಎಷ್ಟೋ ಸಲ ಮರೆತಿದೆ. ಹಳಗನ್ನಡದ ‘ಗಾವಿಲ’ ಎಂಬ ಮಾತಿನಲ್ಲೇ ಹಳ್ಳಿಗ ಮತ್ತು ದಡ್ಡ ಎಂಬ ಎರಡು ಅರ್ಥಗಳೂ ಬೆರೆತು ಹೋಗಿರುವುದನ್ನು ಇಲ್ಲಿ ನೆನೆಯಬಹುದು.

ಉತ್ತರನ ಕಥೆಯ ಉತ್ತರಾರ್ಧ

15ನೆಯ ಶತಮಾನದ ಕುಮಾರವ್ಯಾಸನ ವಿರಾಟಪರ್ವಕ್ಕೆ ಬಂದರೆ ಮೂರ್ಖನ ಚಿತ್ರವೇ ಬದಲಾಗುತ್ತದೆ. ತುರುಗಳನ್ನು ಕೌರವರು ಹಿಡಿದರೆಂಬ ಸುದ್ದಿ ಬಂದಾಗ ಉತ್ತರ ಹೆಂಗಳೆಯರ ನಡುವೆ ಕುಳಿತು ಬಡಾಯಿ ಕೊಚ್ಚುತ್ತಾನೆ. ತನಗೆ ಸಾರಥಿ ಒಬ್ಬ ಸಿಕ್ಕಿದರೆ ಸಾಕು ಎನ್ನುತ್ತಾನೆ. ಬೃಹನ್ನಳೆಯ ವೇಷದ ಅರ್ಜುನ ಸಾರಥಿಯಾಗಿ ಹೊರಡುತ್ತಾನೆ. ಕೌರವರ ಸೇನಾಸಮುದ್ರ ಕಂಡೊಡನೆ ರಾಜಕುಮಾರ ರಥದಿಂದ ಹಾರಿ ಓಡುತ್ತಾನೆ. ಸಾರಥಿ ಅಟ್ಟಿಸಿಕೊಂಡು ಹೋಗಿ ಹಿಡಿದು ತರುತ್ತಾನೆ. ಗಮಕಿಗಳು ಈ ಭಾಗ ವಾಚಿಸುವಾಗ ನಗದ ಸಭೆ ಇರಲಾರದು.

ಗಾದೆ ಇಲ್ಲಿಗೆ ನಿಂತುಬಿಡುತ್ತದೆ, ಕಾವ್ಯ ನಿಲ್ಲುವುದಿಲ್ಲ. ಬನ್ನಿಯ ಮರದ ಬಳಿ ಅರ್ಜುನನ ಗುರುತು ತಿಳಿದ ಮೇಲೆ ಉತ್ತರ ತಾನೇ ಸಾರಥಿಯಾಗಿ ರಥದ ಮುಂದೆ ಕುಳಿತುಕೊಳ್ಳುತ್ತಾನೆ. ಭೀಷ್ಮ, ದ್ರೋಣ, ಕರ್ಣರ ಬಾಣಗಳ ನಡುವೆ ಕುದುರೆಗಳನ್ನು ನಡೆಸುತ್ತಾನೆ. ಇತ್ತ ಮಗನೇ ಗೆದ್ದನೆಂದು ತಂದೆ ವಿರಾಟ ಹಿಗ್ಗುತ್ತಿದ್ದಾನೆ. ಆ ಕೀರ್ತಿಯನ್ನು ಸುಮ್ಮನೆ ಉಳಿಸಿಕೊಳ್ಳಬಹುದಾಗಿದ್ದ ಉತ್ತರ, ಗೆದ್ದವನು ತಾನಲ್ಲವೆಂದು ಹೇಳುತ್ತಾನೆ. ಬಡಾಯಿಗಾರನೊಬ್ಬ ಒಂದೇ ದಿನದಲ್ಲಿ ಇಷ್ಟು ದೂರ ನಡೆದು ಬಂದದ್ದು ಸಣ್ಣ ಮಾತಲ್ಲ. ಮಹಾಭಾರತದ ಕಥೆಯಂತೆ ಇದೇ ಉತ್ತರ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನನ್ನು ಎದುರಿಸಿ ಹೋರಾಡಿ ಮಡಿಯುತ್ತಾನೆ. ಅಂದು ಅವನು ಓಡಲಿಲ್ಲ. ಆದರೂ ನಾಲಿಗೆಯ ಮೇಲೆ ಉಳಿದದ್ದು ಒಲೆಯ ಮುಂದಿನ ಉತ್ತರನೇ ಹೊರತು ರಣರಂಗದ ಉತ್ತರನಲ್ಲ.

ಮುಗ್ಧ ಮತ್ತು ಮೂಢ

ಸಂಸ್ಕೃತದಲ್ಲಿ ‘ಮುಗ್ಧ’ ಮತ್ತು ‘ಮೂಢ’ ಎರಡೂ ‘ಮುಹ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದ ಶಬ್ದಗಳು. ಒಂದು ಹೊಗಳಿಕೆಯಾಯಿತು, ಇನ್ನೊಂದು ಬೈಗುಳವಾಯಿತು. ಇವೆರಡರ ನಡುವಿನ ಗೆರೆ ಎಷ್ಟು ತೆಳುವಾದದ್ದು ಎಂಬುದನ್ನು ತೋರಿಸಿದವನು ಹಂಪೆಯ ಹರಿಹರ.

ಅವನ ರಗಳೆಯ ಕೋಳೂರು ಕೊಡಗೂಸು ಎಳೆಯ ಹುಡುಗಿ. ಊರಿಗೆ ಹೋಗುವ ತಂದೆ, ದೇವರಿಗೆ ದಿನವೂ ಹಾಲು ಎರೆಯಬೇಕೆಂದು ಹೇಳಿ ಹೋಗುತ್ತಾನೆ. ದೇವರು ನಿಜವಾಗಿಯೂ ಹಾಲು ಕುಡಿಯುತ್ತಾನೆಂದೇ ಮಗಳು ನಂಬಿದ್ದಾಳೆ. ಕುಡಿಯದಿದ್ದಾಗ ಅಳುತ್ತಾಳೆ, ರಮಿಸುತ್ತಾಳೆ, ಹಠ ಹಿಡಿಯುತ್ತಾಳೆ. ಕೊನೆಗೆ ಶಿವ ಕುಡಿದೇ ಬಿಡುತ್ತಾನೆ. ಮರಳಿ ಬಂದ ತಂದೆಗೆ ಮಾತ್ರ ನಂಬಿಕೆ ಬರುವುದಿಲ್ಲ. ದೇವರು ಹಾಲು ಕುಡಿಯುವನೇ ಎಂಬುದು ‘ತಿಳಿದವನ’ ಪ್ರಶ್ನೆ. ಹಾಗೆಯೇ ರುದ್ರಪಶುಪತಿ ಎಂಬ ಭಕ್ತ, ಶಿವ ವಿಷ ಕುಡಿದ ಪುರಾಣ ಕೇಳಿ ಅವನಿಗೇನಾಯಿತೋ ಎಂದು ಗಾಬರಿಯಿಂದ ಪ್ರಾಣ ಬಿಡಲು ಹೊರಡುತ್ತಾನೆ. ಪುರಾಣವನ್ನು ಕೇಳಿ ತಲೆದೂಗಿ ಮನೆಗೆ ಹೋಗುವವರ ನಡುವೆ ಅದನ್ನು ನಿಜವೆಂದು ಎದೆಗೆ ಹಚ್ಚಿಕೊಂಡವನು ಇವನೊಬ್ಬನೇ.

ಶರಣರ ಪರಂಪರೆಯಲ್ಲಿ ‘ಮರುಳ’ ಎಂಬುದು ಬಿರುದೇ ಆಯಿತು. ಶೂನ್ಯಸಂಪಾದನೆಯ ಮರುಳಶಂಕರದೇವ ಕಲ್ಯಾಣದ ಮಹಾಮನೆಯ ಬಳಿ ಮರುಳನಂತೆ ಬದುಕಿದ್ದವನು. ಶರಣರ ನಡುವೆಯೇ ಇದ್ದರೂ ಯಾರಿಗೂ ಅವನ ಗುರುತಿರಲಿಲ್ಲ. ಅವನ ನಿಲವನ್ನು ಗುರುತಿಸಲು ಅಲ್ಲಮಪ್ರಭುವೇ ಬರಬೇಕಾಯಿತು. ನಿತ್ಯ ನೋಡಿಯೂ ಅವನನ್ನು ಕಾಣದೆ ಹೋದವರ ಅರಿವಿಗೆ ಏನೆನ್ನಬೇಕು ಎಂಬ ಪ್ರಶ್ನೆಯನ್ನು ಆ ಪ್ರಸಂಗ ಓದುಗನ ಮುಂದಿಡುತ್ತದೆ.

ರಂಗದ ಮೇಲಿನ ಪೆದ್ದ

ಕಾವ್ಯದಲ್ಲಿ ಬುದ್ಧಿ ಹೇಳಲು ಬಂದ ಪೆದ್ದ ರಂಗಭೂಮಿಯಲ್ಲಿ ಬಾಯಿ ಬಿಚ್ಚಿ ಮಾತಾಡಿದ. ಸಂಸ್ಕೃತ ನಾಟಕದ ವಿದೂಷಕ ಹೊಟ್ಟೆಬಾಕ, ಕುರೂಪಿ. ಜಾತಿಯಿಂದ ಬ್ರಾಹ್ಮಣನಾದರೂ ಆಡುವುದು ಪ್ರಾಕೃತ. ಆದರೆ ಅರಸನ ತಪ್ಪನ್ನು ಅರಸನ ಎದುರಿಗೇ ಆಡುವ ಸಲುಗೆ ಅವನಿಗಿತ್ತು. ಕನ್ನಡದಲ್ಲಿ ಉಪಲಬ್ಧವಾದ ಮೊದಲ ನಾಟಕವೆನಿಸಿದ, 17ನೆಯ ಶತಮಾನದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ ಹರ್ಷನ ‘ರತ್ನಾವಳಿ’ಯ ಜಾಡಿನಲ್ಲೇ ಬಂದದ್ದು.

ಪಡುವಣ ಕರಾವಳಿಯ ಯಕ್ಷಗಾನದಲ್ಲಿ ಹಾಸ್ಯಗಾರನಿದ್ದರೆ, ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಸಾರಥಿ ಇದ್ದಾನೆ. ಕಿರೀಟ, ಭುಜಕೀರ್ತಿ ಹೊತ್ತು ಅಬ್ಬರಿಸಿ ಬರುವ ಪಾತ್ರವನ್ನು ಅಡ್ಡಗಟ್ಟಿ, ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುವವನು ಅವನೇ. ರಾಜನ ಮಾತು ಗ್ರಾಂಥಿಕ, ಸಾರಥಿಯದು ಪಕ್ಕಾ ಊರ ಮಾತು. ಮೂರು ಲೋಕದ ಗಂಡನಾದರೂ ಈ ಸೇವಕನ ಪ್ರಶ್ನೆಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಹಗಲೆಲ್ಲ ಗೌಡರ ಮುಂದೆ ಕೈಕಟ್ಟಿ ನಿಂತ ಜನಕ್ಕೆ ರಾತ್ರಿಯ ಆಟದಲ್ಲಿ ಇದು ಎಂಥ ಸುಖ ಕೊಟ್ಟಿರಬೇಕು!

ಹೊರ ಜಗತ್ತಿನಲ್ಲೂ ಇದೇ ಮಾತು. ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯ ಹಂಚಿ ಬೀದಿಪಾಲಾದ ಮುದುಕ ದೊರೆಗೆ ಅವನ ಅವಿವೇಕವನ್ನು ಹಾಸ್ಯದಲ್ಲೇ ತಿಳಿಸುವವನು ಆಸ್ಥಾನದ ವಿದೂಷಕ. 1605ರಲ್ಲಿ ಮೊದಲ ಭಾಗ ಪ್ರಕಟವಾದ ಸರ್ವಾಂಟಿಸನ ‘ಡಾನ್ ಕ್ವಿಕ್ಸೋಟ್’ನಲ್ಲಿ ಗಾಳಿಯಂತ್ರವನ್ನು ರಾಕ್ಷಸನೆಂದು ಭ್ರಮಿಸಿ ಈಟಿ ಹಿಡಿದು ನುಗ್ಗುವವನನ್ನು ಕಂಡು ನಗುತ್ತ ಹೊರಟ ಓದುಗ, ಪುಸ್ತಕ ಮುಗಿಯುವಾಗ ಅವನಿಗಾಗಿ ಮರುಗುತ್ತಾನೆ.

ತಿಮ್ಮನೆಂಬ ಮುಖವಾಡ

ಹೊಸಗನ್ನಡದಲ್ಲಿ ದಡ್ಡನ ಪ್ರಶ್ನೆ ಶಾಲೆಯ ಬಾಗಿಲಿಗೆ ಬಂತು. ಟಿ.ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ನಾಟಕದಲ್ಲಿ ಪರೀಕ್ಷೆಯಲ್ಲಿ ಮುಂದಿರುವ ಪುಟ್ಟು ಒಬ್ಬ, ಓದಿನಲ್ಲಿ ಹಿಂದೆ ಬಿದ್ದ ಮಾಧು ಒಬ್ಬ. ಮನೆಗೆ ಬೆಂಕಿ ಬಿದ್ದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಹೊರಬೀಳುತ್ತದೆ. ಅಂಕಪಟ್ಟಿಯಿಂದ ಮಕ್ಕಳನ್ನು ಅಳೆಯುವ ಮನೆಗಳಲ್ಲಿ ಆ ನಾಟಕದ ಪ್ರಶ್ನೆ ಇಂದಿಗೂ ಹಾಗೆಯೇ ಉಳಿದಿದೆ.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಭಗವದ್ಗೀತೆಗೆ ಸರಿಸಮನಾಗಿ ಕನ್ನಡಿಗರು ಉದ್ಧರಿಸುವ ಡಿ.ವಿ. ಗುಂಡಪ್ಪನವರ ಕೃತಿ ಪ್ರಕಟವಾದದ್ದು 1943ರಲ್ಲಿ. ಜೀವನದರ್ಶನವನ್ನೆಲ್ಲ ತುಂಬಿದ ಆ 945 ಪದ್ಯಗಳಿಗೆ ಅವರು ಕೊಟ್ಟ ಹೆಸರು ‘ಮಂಕುತಿಮ್ಮನ ಕಗ್ಗ’. ಮಂಕು ಎಂದರೆ ದಡ್ಡ, ಕಗ್ಗ ಎಂದರೆ ಅರ್ಥವಿಲ್ಲದ ಮಾತು. ಹಿರಿಯ ವಿದ್ವಾಂಸರೊಬ್ಬರು ದೊಡ್ಡ ಮಾತು ಆಡಬೇಕಾದಾಗ ದಡ್ಡನ ಹೆಸರಿನ ಹಿಂದೆ ನಿಂತರು. ಬೀಚಿಯವರ ತಿಮ್ಮನೂ ಇದೇ ಮನೆತನದವನು. ಪೆದ್ದನಂತೆ ಕೇಳುತ್ತ ದೊಡ್ಡವರನ್ನು ಪೇಚಿಗೆ ಸಿಕ್ಕಿಸುವುದು ಅವನ ಕಸುಬು.

ದುರ್ಗಸಿಂಹನ ಸಿಂಹದಿಂದ ಡಿವಿಜಿಯವರ ತಿಮ್ಮನವರೆಗೆ ಸುಮಾರು 900 ವರ್ಷಗಳ ಹಾದಿ. ಈ ಹಾದಿಯಲ್ಲಿ ನಿಜವಾದ ಮೂರ್ಖರೆಂದು ಕವಿಗಳು ಬೆರಳು ತೋರಿಸಿದವರು ಹೆಚ್ಚಾಗಿ ಬಲವುಳ್ಳವರು, ಓದಿದವರು, ಎಲ್ಲ ತಿಳಿದಿದೆ ಎಂದುಕೊಂಡವರು. ಊರು ದಡ್ಡರೆಂದು ಕರೆದ ಹಲವರು ಮಾತ್ರ ಕಥೆ ಮುಗಿಯುವ ಹೊತ್ತಿಗೆ ಬೇರೆಯೇ ಆಗಿರುತ್ತಾರೆ. ತರಗತಿಯ ಹಿಂದಿನ ಸಾಲಿನ ಹುಡುಗನಿಗೆ ‘ದಡ್ಡ’ ಎಂಬ ಹೆಸರಿಟ್ಟು ಕಥೆಯನ್ನು ಅಲ್ಲಿಗೇ ಮುಗಿಸುವ ಮುನ್ನ, ರಥದಿಂದ ಹಾರಿ ಓಡಿದ ಉತ್ತರನಿಗೆ ಅರ್ಜುನ ಮರಳಿ ರಥ ಹತ್ತುವ ಅವಕಾಶ ಕೊಟ್ಟಿದ್ದನ್ನು ನೆನೆಯುವುದು ಒಳ್ಳೆಯದು.