ಕೊಲೆಟ್ಟಿನ ಸಂಗತಿ

1953ರಲ್ಲಿ ಎಚ್.ಎಂ.ಟಿ. ಹುಟ್ಟಿದ ಬೆಂಗಳೂರಿನಲ್ಲಿ ಲೇತ್ ಯಂತ್ರವನ್ನು ವರ್ಣಿಸಬೇಕಾದುದಿಲ್ಲ. ನಾಯಂಡಹಳ್ಳಿಯ ನಮ್ಮ ಮನೆಯ ಹಿತ್ತಲ ಕೊಠಡಿಯಲ್ಲಿಯೂ ಸಣ್ಣದೊಂದಿದೆ. ಸಲಾಕೆಯನ್ನು ಹಿಡಿಯಲು ಮೂರು ದವಡೆಯ ಚಕ್ ಸಾಲದೆ ಎಂದು ಶ್ರೋತೃಗಳು ಕೇಳಬಹುದು. ಒರಟು ಕೆಲಸಕ್ಕೆ ಸಾಕು. ಆದರೆ ಒಮ್ಮೆ ಬಿಚ್ಚಿದ ಸಲಾಕೆಯು ಮರಳಿ ಹಿಡಿದಾಗಲೂ ಮೊದಲಿನ ಕೇಂದ್ರದಲ್ಲಿಯೇ ತಿರುಗಬೇಕಾದರೆ ಕೊಲೆಟ್ ಬೇಕು. ಅದು ಸೀಳುಗಳುಳ್ಳ ಉಕ್ಕಿನ ಕೊಳವೆ. ನಟ್ಟನ್ನು ಬಿಗಿದಂತೆಲ್ಲ ಅದರ ಓರೆಯಾದ ಹೊರಮೈ ಒತ್ತಲ್ಪಟ್ಟು, ಒಳಮೈ ಸಲಾಕೆಯನ್ನು ಸುತ್ತಲೂ ಸಮನಾಗಿ ಅಪ್ಪುವುದು.

ಸ್ವಿಟ್ಜರ್ಲೆಂಡಿನ ರೆಗೋ-ಫಿಕ್ಸ್ ಸಂಸ್ಥೆಯವರು 1972ರಲ್ಲಿ ಹೊರತಂದ ಇ.ಆರ್. ಜಾತಿಯೇ ಮನೆಗೆಲಸಕ್ಕೆ ಯೋಗ್ಯವೆಂದು ನಮ್ಮ ಮತ. 5ಸಿ ಜಾತಿಯದು ತನ್ನ ಅಳತೆಯ ಸಲಾಕೆಯನ್ನಲ್ಲದೆ ಬೇರೊಂದನ್ನು ಸರಿಯಾಗಿ ಹಿಡಿಯಲಾರದು, ಇ.ಆರ್. 32ರಲ್ಲಿ ಒಂದೊಂದೂ ಸುಮಾರು 1 ಮಿಲಿಮೀಟರಿನಷ್ಟು ಕುಗ್ಗಬಲ್ಲುದು. ಗಿಡ್ಡ ತುಂಡುಗಳಿಗೆ ಮಾತ್ರ 5ಸಿಯೇ ಮೇಲು.

ಅಗ್ಗಕ್ಕೆ ದೊರೆಯಿತೆಂದು ನಾವು ಒಮ್ಮೆ ಒಂದು ಪೆಟ್ಟಿಗೆಯನ್ನು ಪರೀಕ್ಷಿಸದೆ ಕೊಂಡೆವು. ನುಣುಪಾದ ಸಲಾಕೆಯನ್ನು ಹಿಡಿದು ಡಯಲ್ ಗೇಜನ್ನು ತಾಕಿಸಲು, ಮುಳ್ಳು 0.1 ಮಿಲಿಮೀಟರ್ ತೂಗಾಡಿತು. ನಮ್ಮ ಹಳೆಯ ಚಕ್ಕೇ ಅದಕ್ಕಿಂತ ವಾಸಿ! ಅಂಗಡಿಯವನನ್ನು ಮನಸಾರೆ ಬೈದೆವು. ಬಿಚ್ಚಿ ನೋಡಿದರೆ ಓರೆಮೈಯಲ್ಲಿ ಕೂದಲೆಳೆಯಂತಹ ಉಕ್ಕಿನ ಚೂರು. ಒರೆಸಿದ ಮೇಲೆ ತೂಗಾಟ 0.03ಕ್ಕೆ ಇಳಿಯಿತು. ಬೈಗುಳದಲ್ಲಿ ಬಹುಪಾಲು ನಮಗೇ ಸಲ್ಲತಕ್ಕುದಾಗಿತ್ತು.

ಅಂದಿನಿಂದ ಸೀಳುಗಳನ್ನು ಸೀಮೆಎಣ್ಣೆಯಲ್ಲಿ ಕುಂಚದಿಂದ ತೊಳೆಯದೆ ನಾವು ಕೊಲೆಟ್ಟನ್ನು ಹಾಕುವುದಿಲ್ಲ. ಇ.ಆರ್. ಕೊಲೆಟ್ಟನ್ನು ಮೊದಲು ನಟ್ಟಿನೊಳಕ್ಕೆ ಟಕ್ಕೆಂದು ಕೂಡಿಸಿ, ಬಳಿಕ ಯಂತ್ರಕ್ಕೆ ಏರಿಸತಕ್ಕದ್ದು. ಸಲಾಕೆಯಿಲ್ಲದೆ ಬಿಗಿದರೆ ಅದು ಸೊಟ್ಟಗಾಗಿ ಕೆಡುವುದು.

ಮಳೆಗಾಲದ ತೇವಕ್ಕೆ ತೆಳುವಾದ ಎಣ್ಣೆಯ ಲೇಪ ಸಾಕು. ಚೆನ್ನಾಗಿ ಒಣಗಿದ ಹಲಗೆಯಲ್ಲಿ ಆರುಪಾರು ತೂತುಗಳನ್ನು ಕೊರೆದು ಒಂದೊಂದನ್ನೂ ಬೇರೆಬೇರೆಯಾಗಿ ನಿಲ್ಲಿಸುತ್ತೇವೆ. ತೂತಿಗೆ ತಳವಿದ್ದರೆ ಚೂರುಗಳು ಅಲ್ಲಿಯೇ ನೆಲೆಸುವುವು. ಹಸಿಮರ ಕೂಡದು.