ಬಾದಾಮಿಯ ಅಕ್ಕ-ತಂಗಿ

ವರ್ಷದ ಬಹುಪಾಲು ಇಲ್ಲಿ ಕಾಣೋದು ಒಣಬಂಡೆ, ಅದರ ಮೇಲೆ ನೀರು ಹರಿದ ಕಪ್ಪು ಕಲೆ, ಅಷ್ಟೆ. ಬಾದಾಮಿಯಲ್ಲಿ ಜೋರು ಮಳೆ ಹೊಡೀಲಿ, ಅಗಸ್ತ್ಯತೀರ್ಥ ಕೆರೆಯ ಮೇಲಿನ ಕೆಂಪು ಗುಡ್ಡದಿಂದ ಜೋಡಿ ಧಾರೆ ಧುಮುಕುತ್ತೆ. ಊರವರಿಗೆ ಇವು ಅಕ್ಕ-ತಂಗಿ.

ಮರಳುಗಲ್ಲಿನ ಗುಡ್ಡ, ನೆತ್ತಿಯ ಮೇಲೆ ಮಣ್ಣು ತೀರಾ ಕಡಿಮೆ. ಬಿದ್ದ ಮಳೆ ಇಂಗದೆ ಸೀದಾ ಕೆಳಗಿಳಿಯುತ್ತೆ. ಮಳೆ ನಿಂತರೆ ಧಾರೆಯೂ ಸಣ್ಣಗಾಗುತ್ತೆ. ಚಹಾ ಕುಡಿದು ನಿಧಾನಕ್ಕೆ ಹೋಗೋಣ ಅಂದ್ರೋ, ಕೆಟ್ರಿ!

ಬಂಡೆಗಳ ಮೇಲೆ ನೀರಿನ ಕಲೆಯಷ್ಟೇ ಅಲ್ಲ, ಒಂದರ ಮೇಲೆ ಕ್ರಿ.ಶ. 543ರ ಶಾಸನವೂ ಇದೆ: ಚಾಲುಕ್ಯ ದೊರೆ ಒಂದನೇ ಪುಲಕೇಶಿ ಕೋಟೆ ಕಟ್ಟಿಸಿದ ದಾಖಲೆ. ಅವನ ಮೊಮ್ಮಗ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ, 642ರ ಸುಮಾರಿಗೆ ಊರು ಹಿಡಿದ ಪಲ್ಲವ ನರಸಿಂಹವರ್ಮನೂ ಇಲ್ಲೇ ಬಂಡೆಯ ಮೇಲೆ ಶಾಸನ ಕೆತ್ತಿಸಿದ. ಗೆದ್ದವನಿಗೂ ಬಾದಾಮಿಯ ಕಲ್ಲೇ ಬೇಕಾಯ್ತು ನೋಡಿ.

ಧಾರೆ ನೋಡೋಕೆ ಭೂತನಾಥ ಗುಡಿಯ ಕಡೆ ಕೆರೆದಂಡೆ ಹಿಡಿದು ನಡೀರಿ. ಒದ್ದೆ ಕಲ್ಲು ಜಾರುತ್ತೆ. ಕೈಚೀಲ ಭದ್ರ, ಮಂಗಗಳಿವೆ.