ನಿಮ್ಮ ಪಿನ್‌ಕೋಡ್ ನಿಮ್ಮ ಬಗ್ಗೆ ಏನು ಹೇಳುತ್ತೆ?

ಪುಣೆಯಲ್ಲಿ ಇಬ್ಬರು ಕನ್ನಡದವರು ಹೊಸದಾಗಿ ಪರಿಚಯ ಆದ್ರೆ ಮೊದಲ ಪ್ರಶ್ನೆ ಏನಿರುತ್ತೆ? "ಯಾವ ಕಡೆಯವರು?" ಅಲ್ವಾ. ನಾನು ತೀರ್ಥಹಳ್ಳಿ ಅಂದ ತಕ್ಷಣ ಎದುರಿನವರ ತಲೆಯಲ್ಲಿ ಮಳೆ, ಅಡಿಕೆ ತೋಟ, ಹೆಂಚಿನ ಮನೆ ಎಲ್ಲಾ ಬಂದು ಕೂತುಬಿಡುತ್ತೆ. ಅವರು ಸಿಂದಗಿ ಅಂದ್ರೆ ನನ್ನ ತಲೆಯಲ್ಲಿ ಕಪ್ಪು ಮಣ್ಣು, ಜೋಳ, ಬಿಸಿಲು. ಮಲೆನಾಡು, ಬಯಲುಸೀಮೆ, ಕರಾವಳಿ ಅಂತ ನಾಡನ್ನ ಗುಂಪು ಮಾಡಿಟ್ಟುಕೊಂಡು ಮನುಷ್ಯರನ್ನ ಅದರೊಳಗೆ ಕೂರಿಸೋದು ನಮಗೆ ಕಂಪ್ಯೂಟರ್ ಬರೋಕೆ ಮೊದಲಿನಿಂದಲೂ ಗೊತ್ತು. ಗಡಿಯಲ್ಲಿ ಸರಿಯಾಗಿ ಕೂರದ ಊರುಗಳಿಗೆ "ಅರೆಮಲೆನಾಡು" ಅಂತ ಇನ್ನೊಂದು ಹೆಸರೂ ಇದೆ.

ಅಂದಹಾಗೆ ನಮ್ಮ ಮನೆಗೆ ಒಂದು ಅಡಿಕೆ ಮರವೂ ಇಲ್ಲ. ಅಪ್ಪ ಸ್ಕೂಲ್ ಮೇಷ್ಟ್ರು. ಆದರೂ ಅಡಿಕೆ ರೇಟ್ ಎಷ್ಟಾಗಿದೆ ಅಂತ ಜನ ನನ್ನನ್ನ ಕೇಳ್ತಾನೇ ಇರ್ತಾರೆ.

ಇವತ್ತಿನ ವಿಷಯ ಇದೇ. ಜಾಗದ ಮಾಹಿತಿ, ಜನರ ಮಾಹಿತಿ ಎರಡನ್ನೂ ಸೇರಿಸಿ ಬಡಾವಣೆಗಳನ್ನ ವರ್ಗ ಮಾಡೋ ಕೆಲಸ. ಇಂಗ್ಲಿಷ್‌ನಲ್ಲಿ ಇದಕ್ಕೆ ಜಿಯೋಡೆಮೊಗ್ರಾಫಿಕ್ಸ್ ಅಂತಾರೆ. ನಾನು ಇದನ್ನ ಪುಸ್ತಕದಲ್ಲಿ ಓದಿ ಕಲಿತದ್ದು ಕಮ್ಮಿ, ತಪ್ಪು ಮಾಡಿ ಕಲಿತದ್ದು ಜಾಸ್ತಿ. ಹಾಗಾಗಿ ಆ ತಪ್ಪಿನಿಂದಲೇ ಶುರು ಮಾಡ್ತೀನಿ.

ಕೆಲವು ವರ್ಷದ ಹಿಂದೆ ಸಣ್ಣ ಸಾಲ ಕೊಡೋ ಒಂದು ಕಂಪನಿಯಲ್ಲಿ ಇದ್ದೆ. ಅರ್ಜಿ ಹಾಕಿದವರು ಸಾಲ ತೀರಿಸ್ತಾರಾ ಇಲ್ವಾ ಅಂತ ಅಂದಾಜು ಮಾಡೋ ಮಾಡೆಲ್ ನಮ್ಮ ಟೀಮ್‌ದು. ಅದರಲ್ಲಿ ಪಿನ್‌ಕೋಡ್ ಪ್ರಕಾರ ಒಂದು ಅಂಕ ಸೇರಿಸಿದ್ದು ನಾನೇ. ಮಾಡೆಲ್‌ನ ಲೆಕ್ಕ ಸ್ವಲ್ಪ ಸುಧಾರಿಸಿತು, ಮೀಟಿಂಗ್‌ನಲ್ಲಿ ಶಹಬ್ಬಾಸ್ ಸಿಕ್ಕಿತು. ನಮ್ಮ ಕ್ಯಾಂಟೀನ್‌ನಲ್ಲಿ ಇಂಡಿ ಕಡೆಯ ಒಬ್ಬರು ಕೆಲಸ ಮಾಡ್ತಿದ್ರು. ಕನ್ನಡದವನು ಅಂತ ನನಗೆ ಚಹಾ ಒಂದು ಗುಟುಕು ಜಾಸ್ತಿನೇ ಹಾಕೋರು. ಒಂದಿನ ಕೇಳಿದ್ರು, "ಸರ, ಗಾಡಿ ಸಾಲಕ್ಕ ಹಾಕಿದ್ನಿರಿ, ಆಗ್ಲಿಲ್ಲ. ನಾ ಎಂದೂ ಕಂತ ತಪ್ಪಿಸಿಲ್ರಿ. ಏನಾತು ನೋಡ್ತೀರೇನು?" ಅರ್ಜಿ ನಮ್ಮ ಕಂಪನಿಯಲ್ಲೇ ಹಾಕಿದ್ದರು. ನೋಡಿದೆ. ಹಳೇ ಕಂತು ಎಲ್ಲಾ ಸರಿಯಾಗಿ ಕಟ್ಟಿದ್ದಾರೆ. ಅಂಕ ಗಡಿಗಿಂತ ಸ್ವಲ್ಪವೇ ಕೆಳಗೆ. ಕೆಳಗೆ ಎಳೆದದ್ದು ಅವರಿರೋ ಪಿನ್‌ಕೋಡ್.

ಪಿನ್‌ಕೋಡ್ ನಮ್ಮ ದೇಶದಲ್ಲಿ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಉದ್ದೇಶ ಒಂದೇ, ಕಾಗದ ವಿಂಗಡಿಸೋದು. ಮೊದಲ ಅಂಕಿ ವಲಯ, ಮೊದಲ ಮೂರು ಸೇರಿದರೆ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ದೇಶದಲ್ಲಿ ಸುಮಾರು 19 ಸಾವಿರ ಪಿನ್‌ಕೋಡ್‌ಗಳಿವೆ. 2011ರ ಜನಗಣತಿಯ 121 ಕೋಟಿ ಜನರನ್ನ ಅದಕ್ಕೆ ಭಾಗಿಸಿ, ಒಂದು ಪಿನ್‌ಕೋಡ್‌ಗೆ ಸರಾಸರಿ 60 ಸಾವಿರಕ್ಕೂ ಹೆಚ್ಚು ಜನ. ಪೋಸ್ಟ್‌ಮನ್ನಿಗೆ ದಾರಿ ತೋರಿಸೋಕೆ ಎಳೆದ ಗೆರೆ ಅದು. ಅದರೊಳಗಿನ 60 ಸಾವಿರ ಜನರಿಗೆ ನಾನು ಒಂದೇ ಅಂಕ ಕೊಟ್ಟಿದ್ದೆ.

ಈ ಕೆಲಸದ ಮೂಲ ಹುಡುಕಿದರೆ ಲಂಡನ್‌ಗೆ ಹೋಗಬೇಕು. ಚಾರ್ಲ್ಸ್ ಬೂತ್ ಅಂತ ಒಬ್ಬ ಹಡಗು ಕಂಪನಿಯ ಮಾಲೀಕ. 1886ರಿಂದ 1903ರವರೆಗೆ ಲಂಡನ್‌ನ ಬಡತನದ ಸಮೀಕ್ಷೆಯನ್ನ ಸ್ವಂತ ದುಡ್ಡಲ್ಲಿ ಮಾಡಿಸಿದ. ಮೊದಮೊದಲು ಶಾಲಾ ಮಂಡಳಿಯವರು, ಅಂದ್ರೆ ಮಕ್ಕಳು ಶಾಲೆಗೆ ಬರ್ತಾರಾ ಅಂತ ಮನೆಮನೆಗೆ ಹೋಗಿ ನೋಡ್ತಿದ್ದವರು, ಕೊಟ್ಟ ವಿವರ. ಆಮೇಲೆ ಅವನ ಸಹಾಯಕರು ಬೀಟ್ ಪೊಲೀಸರ ಜೊತೆ ಬೀದಿ ಬೀದಿ ನಡೆದು ಬರೆದುಕೊಂಡರು. ನಕ್ಷೆಯಲ್ಲಿ ಬೀದಿಗಳಿಗೆ ಏಳು ಬಣ್ಣ. ಶ್ರೀಮಂತರಿಗೆ ಹಳದಿ, ಅನುಕೂಲಸ್ಥರಿಗೆ ಕೆಂಪು, ಆಮೇಲೆ ಗುಲಾಬಿ, ನೇರಳೆ, ತಿಳಿನೀಲಿ, ಕಡುನೀಲಿ, ಕೊನೆಗೆ ಕಪ್ಪು. ಲಂಡನ್‌ನ ಶೇಕಡಾ 30.7ರಷ್ಟು ಜನ ಬಡತನದಲ್ಲಿದ್ದಾರೆ ಅಂತ ಅವನ ಲೆಕ್ಕ ಹೇಳಿತು. ಮುಂದೆ ಬೂತ್ ವೃದ್ಧಾಪ್ಯ ಪಿಂಚಣಿಗಾಗಿ ವಾದ ಮಾಡಿದ, 1908ರಲ್ಲಿ ಬ್ರಿಟನ್‌ನಲ್ಲಿ ಆ ಕಾನೂನು ಬಂತು.

ಆದರೆ ಆ ಕಪ್ಪು ಬಣ್ಣಕ್ಕೆ ಬೂತ್ ಕೊಟ್ಟ ವಿವರಣೆ ನೋಡಿ: ಅತ್ಯಂತ ಕೆಳವರ್ಗ, ದುಷ್ಟರು, ಅರೆ-ಅಪರಾಧಿಗಳು. ಉಳಿದ ಆರು ಬಣ್ಣ ಜೇಬಿನ ಬಗ್ಗೆ ಮಾತಾಡುತ್ತೆ, ಏಳನೆಯದು ನಡತೆಯ ಬಗ್ಗೆ. ನಲವತ್ತು ಮನೆ ಇರೋ ಬೀದಿಗೆ ಒಂದೇ ಬಣ್ಣ ಹಚ್ಚಿದಾಗ ಅಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಬಟ್ಟೆ ಒಗೆಯೋ ವಿಧವೆಯೂ ಅರೆ-ಅಪರಾಧಿ ಆಗಿಬಿಡ್ತಾಳೆ.

ಕಂಪ್ಯೂಟರ್ ಬಂದದ್ದು ಆಮೇಲೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಜೊನಾಥನ್ ರಾಬಿನ್ ಅನ್ನೋರು ಜಿಪ್‌ಕೋಡ್‌ಗಳನ್ನ 40 ಗುಂಪು ಮಾಡಿದ 'ಪ್ರಿಝಂ' ತಂದರು. ಗುಂಪುಗಳಿಗೆ 'ಬ್ಲೂ ಬ್ಲಡ್ ಎಸ್ಟೇಟ್ಸ್', 'ಶಾಟ್‌ಗನ್ಸ್ ಅಂಡ್ ಪಿಕಪ್ಸ್' ಅಂತ ಹೆಸರು. ಯಾರಿಗೆ ಯಾವ ಜಾಹೀರಾತು ಕಳಿಸಬೇಕು ಅನ್ನೋದು ಅದರ ಮುಖ್ಯ ಉಪಯೋಗ. ಅದೇ ದಶಕದಲ್ಲಿ ಬ್ರಿಟನ್‌ನಲ್ಲಿ ರಿಚರ್ಡ್ ವೆಬರ್ ಇಂಥದ್ದೇ 'ಏಕಾರ್ನ್' ಮಾಡಿದರು.

ಒಳಗೆ ನಡೆಯೋ ಲೆಕ್ಕ ಮಾತ್ರ ಸರಳ. ಒಂದು ಹಾಳೆ ತಗೊಳ್ಳಿ. ಒಂದೊಂದು ಬಡಾವಣೆಗೂ ಒಂದು ಚುಕ್ಕೆ. ಅಡ್ಡಕ್ಕೆ ಮನೆಯೊಳಗೆ ನಲ್ಲಿ ಇರುವವರ ಶೇಕಡಾ, ಉದ್ದಕ್ಕೆ ಸ್ಕೂಟರ್ ಅಥವಾ ಬೈಕ್ ಇರುವವರ ಶೇಕಡಾ. ಈಗ ಕಣ್ಣುಮುಚ್ಚಿ ಮೂರು ಕಡೆ ಗೂಟ ಹೊಡೀರಿ. ಪ್ರತಿ ಚುಕ್ಕೆಯೂ ತನಗೆ ಹತ್ತಿರದ ಗೂಟಕ್ಕೆ ಸೇರಲಿ. ಆಮೇಲೆ ಒಂದೊಂದು ಗೂಟವನ್ನೂ ಕಿತ್ತು ಅದರ ಗುಂಪಿನ ನಡುಮಧ್ಯಕ್ಕೆ ತಂದು ಹೊಡೀರಿ. ಕೆಲವು ಚುಕ್ಕೆಗಳಿಗೆ ಈಗ ಬೇರೆ ಗೂಟ ಹತ್ತಿರ ಆಗಿರುತ್ತೆ, ಅವು ಅಲ್ಲಿಗೆ ಹೋಗಲಿ. ಗೂಟ ಮತ್ತೆ ಸರಿಸಿ. ಯಾವ ಚುಕ್ಕೆಯೂ ಜಾಗ ಬದಲಿಸದೇ ಇದ್ದಾಗ ನಿಲ್ಲಿಸಿ. ಕೆ-ಮೀನ್ಸ್ ಅನ್ನೋದು ಇಷ್ಟೇ. ಎರಡರ ಬದಲು 60 ಅಂಶ ಹಾಕಿದರೂ ಇದೇ ಆಟ. 2011ರ ಜನಗಣತಿ ಇಟ್ಟುಕೊಂಡು ಬ್ರಿಟನ್ ಮಾಡಿದ ಅಧಿಕೃತ ವರ್ಗೀಕರಣ 60 ಅಂಶ ತಗೊಂಡು 8 ದೊಡ್ಡ ಗುಂಪು, 26 ಗುಂಪು, 76 ಉಪಗುಂಪು ಮಾಡಿತು.

ಲೆಕ್ಕ ಕಂಪ್ಯೂಟರ್‌ದು, ಆದರೆ ತೀರ್ಮಾನಗಳು ನಮ್ಮವು. ಎಷ್ಟು ಗೂಟ ಅಂತ ನಾವು ಹೇಳಬೇಕು. ಯಾವ ಅಂಶ ಅಂತ ನಾವು ಹೇಳಬೇಕು. ಕಾರು, ಲ್ಯಾಪ್‌ಟಾಪ್, ಏಸಿ ಮೂರನ್ನೂ ಹಾಕಿದರೆ ದುಡ್ಡು ಅನ್ನೋ ಒಂದೇ ಸಂಗತಿಯನ್ನ ಮೂರು ಸಲ ಎಣಿಸಿದ ಹಾಗೆ. ಅಳತೆ ಸರಿಮಾಡಿಕೊಳ್ಳದೆ ಇದ್ದರೆ ಇನ್ನೂ ತಮಾಷೆ. ಜನಸಾಂದ್ರತೆ ಚದರ ಕಿಲೋಮೀಟರ್‌ಗೆ ಹತ್ತಾರು ಸಾವಿರ ಇರುತ್ತೆ, ನಲ್ಲಿ ಶೇಕಡಾ ನೂರು ದಾಟಲ್ಲ. ಹಾಗೇ ಬಿಟ್ಟರೆ ಸಾಂದ್ರತೆ ಒಂದೇ ಎಲ್ಲವನ್ನೂ ನುಂಗಿಹಾಕುತ್ತೆ. ಎಂ.ಟೆಕ್‌ನಲ್ಲಿ ಒಂದು ವಾರ ಈ ತಪ್ಪು ಹುಡುಕೋದರಲ್ಲೇ ಕಳೆದಿದ್ದೀನಿ, ಗೈಡ್ ಮುಂದೆ ಮುಖ ತೋರಿಸೋಕಾಗದ ಹಾಗೆ.

ಆದರೆ ಎಲ್ಲಕ್ಕಿಂತ ದೊಡ್ಡ ತೀರ್ಮಾನ, ಗೆರೆ ಎಲ್ಲಿ ಎಳೀತೀರಿ ಅನ್ನೋದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ನನ್ನ ಎಂ.ಟೆಕ್ ಪ್ರಾಜೆಕ್ಟ್ ಸ್ಯಾಟಲೈಟ್ ಚಿತ್ರದಿಂದ ಭೂಮಿಯನ್ನ ವರ್ಗ ಮಾಡೋದಾಗಿತ್ತು: ಗದ್ದೆ, ಕಾಡು, ಕೆರೆ, ಊರು. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಪಿಕ್ಸೆಲ್ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಅರ್ಧ ಕೆರೆ, ಅರ್ಧ ಏರಿ ಒಂದೇ ಪಿಕ್ಸೆಲ್‌ನಲ್ಲಿ ಬಿದ್ದರೆ ಎರಡರ ಬಣ್ಣ ಬೆರೆತು ಮೂರನೆಯದೇ ಒಂದು ಬರುತ್ತೆ. ಮಾಡೆಲ್ ಅದನ್ನ ಜೌಗು ಅಂತ ಗುರುತಿಸ್ತಿತ್ತು. ಅಲ್ಲಿ ಜೌಗೇ ಇಲ್ಲ! ಇದಕ್ಕೆ ಮಿಶ್ರ ಪಿಕ್ಸೆಲ್ ಅಂತಾರೆ.

ಈಗ ಮುಂಬೈಗೆ ಬನ್ನಿ. ಪಾಲಿಕೆಯ ಜಿ-ನಾರ್ತ್ ವಾರ್ಡ್. 2011ರಲ್ಲಿ ಜನಸಂಖ್ಯೆ ಸುಮಾರು 6 ಲಕ್ಷ. ಶಿವಾಜಿ ಪಾರ್ಕ್ ಇದರಲ್ಲೇ, ಮಾಹಿಮ್ ಇದರಲ್ಲೇ, ಧಾರಾವಿಯೂ ಇದರಲ್ಲೇ. ಮನೆಯೊಳಗೆ ಶೌಚಾಲಯ ಎಷ್ಟು ಜನಕ್ಕಿದೆ ಅಂತ ಇಡೀ ವಾರ್ಡಿನ ಸರಾಸರಿ ತೆಗೆದರೆ ಬರೋ ಅಂಕಿ ಶಿವಾಜಿ ಪಾರ್ಕಿನದೂ ಅಲ್ಲ, ಧಾರಾವಿಯದೂ ಅಲ್ಲ. ಆ ಸರಾಸರಿ ಬದುಕು ಬದುಕೋ ಬೀದಿ ಆ ವಾರ್ಡಿನಲ್ಲಿ ಹುಡುಕಿದರೂ ಸಿಗೋದು ಕಷ್ಟ. ನನ್ನ ಕೆರೆ ಪಕ್ಕದ ಜೌಗಿನ ಥರಾನೇ. ಸರಿ, ಧಾರಾವಿಯನ್ನ ಬೇರೆ ಮಾಡಿ 400017 ಅಂತ ನೋಡೋಣ ಅಂದ್ರೆ, ಅದರೊಳಗೆ ಕುಂಭಾರವಾಡದ ಮಡಕೆ ಮಾಡೋರು, ಚರ್ಮದ ಚೀಲ ಹೊಲಿಯೋರು, ಪ್ಲಾಸ್ಟಿಕ್ ವಿಂಗಡಿಸೋರು, ಹತ್ತು ಜನಕ್ಕೆ ಕೆಲಸ ಕೊಟ್ಟ ಸಣ್ಣ ಮಾಲೀಕರು ಎಲ್ಲಾ ಇದ್ದಾರೆ.

ಒಂದು ಸಣ್ಣ ಲೆಕ್ಕ ಮಾಡಿ. ನಾಲ್ಕು ಓಣಿ, ಚೌಕಾಕಾರದಲ್ಲಿ. ಮೇಲಿನ ಎರಡರಲ್ಲಿ ನಲ್ಲಿ ಇರುವವರು ಶೇಕಡಾ 90 ಮತ್ತು 85. ಕೆಳಗಿನ ಎರಡರಲ್ಲಿ 15 ಮತ್ತು 10. ಮೇಲಿನವು ಒಂದು ವಾರ್ಡ್, ಕೆಳಗಿನವು ಒಂದು ವಾರ್ಡ್ ಅಂದ್ರೆ 87.5 ಮತ್ತು 12.5 ಬರುತ್ತೆ. ಅಯ್ಯೋ ಎಂಥ ಅಂತರ ಅಂತೀವಿ. ಗೆರೆಯನ್ನ ಅಡ್ಡ ಎಳೆಯೋ ಬದಲು ಉದ್ದ ಎಳೀರಿ. 90 ಜೊತೆ 15, 85 ಜೊತೆ 10. ಈಗ ಬರೋದು 52.5 ಮತ್ತು 47.5. ಹೆಚ್ಚುಕಮ್ಮಿ ಸಮಾನ! ಒಂದು ಮನೆಗೂ ಹೊಸ ನಲ್ಲಿ ಬಂದಿಲ್ಲ. ಈ ಸಮಸ್ಯೆಯನ್ನ ಬಿಡಿಸಿ ಹೇಳಿದವರು ಸ್ಟ್ಯಾನ್ ಓಪನ್‌ಶಾ ಅನ್ನೋ ಬ್ರಿಟಿಷ್ ಭೂಗೋಳಜ್ಞ.

ಬ್ರಿಟನ್‌ನವರು ಇದಕ್ಕೆ ಮಾಡಿಕೊಂಡ ಉಪಾಯ, ಘಟಕವನ್ನೇ ಚಿಕ್ಕದು ಮಾಡೋದು. ಅವರ ಒಂದು 'ಔಟ್‌ಪುಟ್ ಏರಿಯಾ'ದಲ್ಲಿ ಸರಾಸರಿ 300 ಜನ. ನಮ್ಮ ಜನಗಣತಿಯಲ್ಲೂ ಒಬ್ಬ ಗಣತಿದಾರರಿಗೆ ಸುಮಾರು 600-650 ಜನರ ಒಂದು ಬ್ಲಾಕ್ ಇರುತ್ತೆ, ಆದರೆ ನಗರಗಳಲ್ಲಿ ನಮಗೆ ನಿಮಗೆ ಸಿಗೋ ಪಟ್ಟಿ ವಾರ್ಡ್ ಮಟ್ಟದ್ದು. ಅದೂ 2011ರದ್ದು. 2021ರಲ್ಲಿ ಆಗಬೇಕಿದ್ದ ಗಣತಿ ಆ ವರ್ಷ ಆಗಲಿಲ್ಲ. ಪುಣೆಯ ಹಿಂಜೆವಾಡಿ, ಹೈದರಾಬಾದಿನ ಗಚ್ಚಿಬೌಲಿ ಕಡೆ ಇರೋರಿಗೆ 2011 ಅಂದ್ರೆ ಹಿಂದಿನ ಜನ್ಮದ ಮಾತು.

ಘಟಕ ಎಷ್ಟೇ ಚಿಕ್ಕದಾದರೂ ಇನ್ನೊಂದು ಗುಂಡಿ ಉಳಿದೇ ಇರುತ್ತೆ. 1950ರಲ್ಲಿ ರಾಬಿನ್ಸನ್ ಅನ್ನೋ ಸಮಾಜಶಾಸ್ತ್ರಜ್ಞ ಅಮೆರಿಕದ 1930ರ ಜನಗಣತಿ ಇಟ್ಟುಕೊಂಡು ಒಂದು ವಿಷಯ ತೋರಿಸಿದರು. ರಾಜ್ಯಗಳನ್ನ ಹೋಲಿಸಿದರೆ, ವಿದೇಶದಲ್ಲಿ ಹುಟ್ಟಿದ ಜನ ಹೆಚ್ಚಿರೋ ಕಡೆ ಸಾಕ್ಷರತೆಯೂ ಹೆಚ್ಚು. ಹಾಗಾದರೆ ವಲಸೆ ಬಂದವರು ಹೆಚ್ಚು ಓದಿದವರಾ? ಒಬ್ಬೊಬ್ಬರನ್ನೇ ಎಣಿಸಿದರೆ ತಿರುಗುಮುರುಗು, ಅವರಲ್ಲಿ ಅನಕ್ಷರಸ್ಥರೇ ಸ್ವಲ್ಪ ಹೆಚ್ಚು. ಆಗಿದ್ದು ಇಷ್ಟೇ: ವಲಸಿಗರು ಹೋಗಿ ನೆಲೆಸಿದ್ದು ಆಗಲೇ ಶಾಲೆಗಳು ಚೆನ್ನಾಗಿದ್ದ ರಾಜ್ಯಗಳಲ್ಲಿ. ಜಾಗದ ಬಗ್ಗೆ ನಿಜವಾದದ್ದು ಆ ಜಾಗದ ಮನುಷ್ಯನ ಬಗ್ಗೆ ನಿಜ ಆಗಬೇಕು ಅಂತೇನಿಲ್ಲ.

ಇದನ್ನ ಮರೆತರೆ ಏನಾಗುತ್ತೆ ಅನ್ನೋದಕ್ಕೂ ಅಮೆರಿಕವೇ ಉದಾಹರಣೆ. 1933ರಲ್ಲಿ ಅಲ್ಲಿನ ಸರ್ಕಾರ ಗೃಹಸಾಲಕ್ಕೆ ಒಂದು ಸಂಸ್ಥೆ ಮಾಡಿತು. 1930ರ ದಶಕದ ಕೊನೆಯೊಳಗೆ ಅದು 200ಕ್ಕೂ ಹೆಚ್ಚು ನಗರಗಳ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಹಚ್ಚಿದ ನಕ್ಷೆ ಮಾಡಿಸಿತು. ಕೆಂಪು ಅಂದ್ರೆ ಸಾಲಕ್ಕೆ ಅಪಾಯ. ಕಪ್ಪುಜನರು ಇದ್ದ ಬಡಾವಣೆಗಳಿಗೆ ಬಹುತೇಕ ಕೆಂಪೇ. 1934ರಲ್ಲಿ ಶುರುವಾದ ಸರ್ಕಾರಿ ಸಾಲವಿಮೆಯೂ ಇದೇ ತರ್ಕದಲ್ಲಿ ಇಂಥ ಬಡಾವಣೆಗಳನ್ನ ದೂರ ಇಟ್ಟಿತು. ಸಾಲ ಸಿಗದೆ ಮನೆ ರಿಪೇರಿ ಆಗಲ್ಲ, ರಿಪೇರಿ ಆಗದೆ ಬೆಲೆ ಬೀಳುತ್ತೆ, ಬೆಲೆ ಬಿದ್ದಾಗ "ನೋಡಿ, ನಾವು ಕೆಂಪು ಹಚ್ಚಿದ್ದು ಸರಿ" ಅಂತ ನಕ್ಷೆ ಮಾಡಿದವರು ಹೇಳಬಹುದು. 1968ರಲ್ಲಿ ಕಾನೂನು ಮಾಡಿ ಈ ಭೇದವನ್ನ ನಿಷೇಧಿಸಬೇಕಾಯ್ತು.

ನನ್ನ ಪಿನ್‌ಕೋಡ್ ಅಂಕವೂ ಹಾಗೇ ಇತ್ತು. ಅದು ಕಲಿತದ್ದು ಹಿಂದೆ ಸಾಲ ಸಿಕ್ಕಿದವರ ದಾಖಲೆಯಿಂದ. ಯಾವ ಪಿನ್‌ಕೋಡ್‌ನಲ್ಲಿ ಕೊಟ್ಟಿದ್ದೇ ಕಮ್ಮಿಯೋ ಅಲ್ಲಿ ಇಬ್ಬರು ತಪ್ಪಿಸಿದರೂ ಶೇಕಡಾ ಭಾರೀ ಕಾಣುತ್ತೆ. ಅಂಕ ಇಳಿಯುತ್ತೆ, ಇನ್ನೂ ಕಮ್ಮಿ ಕೊಡ್ತೀವಿ, ಒಳ್ಳೇ ದಾಖಲೆ ಹುಟ್ಟೋಕೆ ಅವಕಾಶವೇ ಇರಲ್ಲ.

ಹಾಗಂತ ಈ ವಿದ್ಯೆಯನ್ನೇ ಬಿಡಬೇಕು ಅಂತ ನಾನು ಹೇಳಲ್ಲ. ತೀರ್ಮಾನ ಜಾಗದ ಮೇಲೆ ಬೀಳೋದಾದರೆ ಜಾಗದ ವರ್ಗೀಕರಣ ಬಳಸಿ: ಆರೋಗ್ಯ ಕೇಂದ್ರ ಎಲ್ಲಿ ತೆಗೀಬೇಕು, ನೀರಿನ ಪೈಪು ಮೊದಲು ಯಾವ ಕಡೆ ಹಾಕಬೇಕು, ಬಸ್ಸು ಯಾವ ದಾರಿಯಲ್ಲಿ ಓಡಿಸಬೇಕು. ಅಲ್ಲಿ ಸರಾಸರಿ ತಪ್ಪಿದರೂ ಪಕ್ಕದ ಓಣಿಗೆ ನೀರು ಬಂದೀತು, ಅಷ್ಟೇ. ತೀರ್ಮಾನ ಒಬ್ಬ ಮನುಷ್ಯನ ಮೇಲೆ ಬೀಳೋದಾದರೆ ಅವನ ದಾಖಲೆ ನೋಡಿ. ದಾಖಲೆ ಇಲ್ಲದವರ ಗತಿ ಏನು ಅಂತ ನಮ್ಮ ಮ್ಯಾನೇಜರ್ ಕೇಳಿದ್ರು, ನ್ಯಾಯವಾದ ಪ್ರಶ್ನೆಯೇ. ಚಿಕ್ಕ ಮೊತ್ತದಿಂದ ಶುರು ಮಾಡಿ ದಾಖಲೆ ಕಟ್ಟಲಿ ಅಂತ ನಾನಂದೆ. ಅರ್ಧ ಒಪ್ಪಿದರು. ಪಿನ್‌ಕೋಡ್ ಅಂಕವನ್ನ ಪೂರ್ತಿ ತೆಗೀಲಿಲ್ಲ, ಅದೊಂದರಿಂದಲೇ ಅರ್ಜಿ ಬೀಳಬಾರದು ಅಂತ ನಿಯಮ ಮಾಡಿದ್ವಿ. ಅದಕ್ಕೆ ಎರಡು ತಿಂಗಳು ಹಿಡೀತು.

ಅಷ್ಟೊತ್ತಿಗೆ ಇಂಡಿಯ ಅಣ್ಣ ಊರವರ ಜೊತೆ ಹಾಕಿದ್ದ ಚೀಟಿ ಎತ್ತಿ ಸೆಕೆಂಡ್‌ಹ್ಯಾಂಡ್ ಗಾಡಿ ತಗೊಂಡಾಗಿತ್ತು. ಮತ್ತೆ ಅರ್ಜಿ ಹಾಕ್ತೀರಾ ಅಂದೆ. "ಬ್ಯಾಡ್ರಿ ಸರ, ಗಾಡಿ ಬಂತಲ್ಲ" ಅಂದು ಚಹಾ ಕೊಟ್ಟರು.

ಮುಂದಿನ ವಿಡಿಯೋದಲ್ಲಿ ಕ್ಯೂಜಿಐಎಸ್ ತೆರೆದು 2011ರ ವಾರ್ಡ್ ಪಟ್ಟಿಯಿಂದ ಈ ಗೂಟ ಹೊಡೆಯೋ ಲೆಕ್ಕವನ್ನ ಸ್ಕ್ರೀನ್ ಮೇಲೇ ಮಾಡಿ ತೋರಿಸ್ತೀನಿ. ಮೂರು ಗೂಟದಿಂದ ಶುರು ಮಾಡೋಣ.